ಬೇರೆ ಕೈಗೆ ಕೊಟ್ಟರೆ

ಒಂದೇ ಪದ್ಯವನ್ನು ‘ಎ’ ವಿಭಾಗದಲ್ಲಿ ಒಬ್ಬ ಮೇಷ್ಟರೂ ‘ಬಿ’ ವಿಭಾಗದಲ್ಲಿ ಇನ್ನೊಬ್ಬ ಮೇಷ್ಟರೂ ಪಾಠ ಮಾಡಿದರೆ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಎರಡು ಬೇರೆ ಬೇರೆ ಪದ್ಯಗಳು. ಪುಸ್ತಕದ ಅಕ್ಷರ ಬದಲಾಗಿರುವುದಿಲ್ಲ; ಪರೀಕ್ಷೆಯಲ್ಲಿ ಬರುವ ಪ್ರಶ್ನೆಯೂ ಬದಲಾಗಿರುವುದಿಲ್ಲ. ಆದರೆ ಒಬ್ಬರು ಯಾವ ಸಾಲಿನ ಬಳಿ ನಿಂತು ಕನ್ನಡಕ ಒರೆಸಿಕೊಂಡರು, ಇನ್ನೊಬ್ಬರು ಯಾವ ಸಾಲನ್ನು ‘ಇದನ್ನು ನೀವೇ ಓದಿಕೊಳ್ಳಿ’ ಎಂದು ದಾಟಿಸಿದರು ಎಂಬುದರಿಂದಲೇ ಪದ್ಯದ ಅರ್ಥ ಬೇರೆಯಾಗಿಬಿಡುತ್ತದೆ. 34 ವರ್ಷ ಕನ್ನಡ ಪಾಠ ಹೇಳಿದ ನನಗೆ ಸಿನಿಮಾ ನಿರ್ದೇಶಕನ ಕೆಲಸ ಎಂಥದ್ದೆಂದು ಅಷ್ಟಿಷ್ಟು ಅರ್ಥವಾದದ್ದು ಈ ದಾರಿಯಿಂದಲೇ ಹೊರತು ಯಾವ ಸಿನಿಮಾ ಶಾಸ್ತ್ರದಿಂದಲೂ ಅಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಮನೆ ತುಂಬ ಬಂಧುಗಳು ಸೇರಿದ್ದಾಗ ಒಂದು ಆಟ ಹುಟ್ಟಿಕೊಂಡಿತು. ಪ್ರಶಸ್ತಿ ಪಡೆದ ಒಂದು ಚಿತ್ರವನ್ನು ಆರಿಸಿಕೊಳ್ಳಬೇಕು; ಕಥೆ, ಕಾಲ, ಊರು ಎಲ್ಲವೂ ಮೊದಲಿನಂತೆಯೇ ಇರಬೇಕು; ನಿರ್ದೇಶಕರನ್ನು ಮಾತ್ರ ಬದಲಾಯಿಸಬೇಕು. ತೀರಿಕೊಂಡವರನ್ನೂ ಕರೆಯಬಹುದು, ಪರದೇಶದವರನ್ನೂ ಕರೆಯಬಹುದು. ಹುಡುಗರು ತಬರನಿಗೆ ಒಂದು ಹೊಡೆದಾಟವನ್ನೂ ಪ್ರಾಣೇಶಾಚಾರ್ಯರಿಗೆ ಒಂದು ಯುಗಳಗೀತೆಯನ್ನೂ ಕೊಟ್ಟು ಹೊಟ್ಟೆ ತುಂಬ ನಕ್ಕರು. ಅವರೆಲ್ಲ ಊರಿಗೆ ಹೊರಟ ಮೇಲೂ ಆಟ ನನ್ನನ್ನು ಬಿಡಲಿಲ್ಲ. ಬೇರೆಯವರ ಕೈಗೆ ಕೊಟ್ಟು ನೋಡಿದಾಗಲೇ ಮೊದಲಿನವರು ಏನು ಮಾಡಿದ್ದರೆಂಬುದು ಕಾಣುತ್ತದೆ ಎಂಬ ಸಂಗತಿ ದಿನಕಳೆದಂತೆ ನನಗೆ ಸ್ಪಷ್ಟವಾಗತೊಡಗಿತು.

1970ರ ‘ಸಂಸ್ಕಾರ’ದಿಂದ 2001ರ ‘ದ್ವೀಪ’ದವರೆಗೆ ಆರು ಕನ್ನಡ ಚಿತ್ರಗಳು ದೇಶದ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದಿವೆ. ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’ ಉಳಿದ ನಾಲ್ಕು. ನಮ್ಮಂಥ ಸಣ್ಣ ಊರಿನವರು ಇವುಗಳಲ್ಲಿ ಹೆಚ್ಚಿನವನ್ನು ಚಿತ್ರಮಂದಿರದಲ್ಲಿ ನೋಡಿದವರಲ್ಲ. ಎಂಬತ್ತರ ದಶಕದಲ್ಲಿ ದೂರದರ್ಶನವು ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ತೋರಿಸುತ್ತಿತ್ತು. ಟೀವಿ ಇದ್ದ ಮನೆಯ ಜಗುಲಿಯಲ್ಲಿ ಊಟ ಮುಗಿಸಿ ಬಂದವರೆಲ್ಲ ಕೂರುತ್ತಿದ್ದೆವು. ಅರ್ಧದಷ್ಟು ಜನ ನಿದ್ದೆಹೋಗುತ್ತಿದ್ದರು. ಎಚ್ಚರವಾಗಿ ಉಳಿದವರಿಗೆ ಮಾತ್ರ ಆ ಚಿತ್ರಗಳು ಸೋಮವಾರವೂ ಬಿಡುತ್ತಿರಲಿಲ್ಲ. ಈ ಆರರಲ್ಲಿ ನಾಲ್ಕನ್ನು ಇಲ್ಲಿ ಬೇರೆ ಕೈಗೆ ಒಪ್ಪಿಸಿ ನೋಡುತ್ತೇನೆ.

ಮೊದಲನೆಯದು ‘ಸಂಸ್ಕಾರ’. ಅನಂತಮೂರ್ತಿಯವರ ಕಾದಂಬರಿ, ನಿರ್ದೇಶಕರು ಪಟ್ಟಾಭಿರಾಮ ರೆಡ್ಡಿ. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ರೆಡ್ಡಿಯವರು ತೆಲುಗಿನ ಕವಿ. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಇದನ್ನು ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ನರಿಗೆ ಕೊಡಬೇಕೆಂದವಳು ನನ್ನ ತಮ್ಮನ ಮಗಳು. ‘ದೊಡ್ಡಪ್ಪ, ದೇವರು ಉತ್ತರ ಕೊಡದೆ ಇದ್ದಾಗ ಮನುಷ್ಯನ ಮುಖ ಹೇಗಿರುತ್ತದೆ ಅಂತ ಅವರಷ್ಟು ಚೆನ್ನಾಗಿ ಯಾರು ತೋರಿಸಿದಾರೆ?’ ಎಂದಳು. ಒಪ್ಪತಕ್ಕ ಮಾತೇ. 1963ರ ‘ವಿಂಟರ್ ಲೈಟ್’ ಚಿತ್ರದಲ್ಲಿ ನಂಬಿಕೆ ಬತ್ತಿಹೋದ ಒಬ್ಬ ಪಾದ್ರಿಯಿದ್ದಾನೆ. ಧೈರ್ಯ ಕೇಳಿಕೊಂಡು ಬಂದ ಬೆಸ್ತನಿಗೆ ಒಂದು ಸಮಾಧಾನದ ಮಾತನ್ನೂ ಹೇಳಲಾರದೆ ಆತ ಸೋಲುತ್ತಾನೆ. ಬೆಸ್ತ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಮಾರುತಿಯ ಗುಡಿಯಲ್ಲಿ ಹೂವಿನ ಪ್ರಸಾದಕ್ಕಾಗಿ ಕಾದು ಬರಿಗೈಯಲ್ಲಿ ಹಿಂದಿರುಗುವ ಪ್ರಾಣೇಶಾಚಾರ್ಯರು ಆ ಪಾದ್ರಿಗೆ ದಾಯಾದಿಗಳೇ ಸರಿ.

ಹಾಗೆಂದು ಬರ್ಗ್‌ಮನ್ನರ ‘ಸಂಸ್ಕಾರ’ವನ್ನು ಕಣ್ಣು ಮುಚ್ಚಿ ಕಲ್ಪಿಸಿಕೊಂಡರೆ ಆಚಾರ್ಯರ ಮುಖ ತೆರೆಯ ತುಂಬ ಬರುತ್ತದೆ, ಅಗ್ರಹಾರ ಮರೆಯಾಗುತ್ತದೆ. ಹೆಣ ಕೊಳೆಯುತ್ತಿದೆ, ಇಲಿಗಳು ಸಾಯುತ್ತಿವೆ, ಹದ್ದುಗಳು ಮಾಡಿನ ಮೇಲೆ ಬಂದು ಕೂತಿವೆ, ಬ್ರಾಹ್ಮಣರು ಹಸಿದಿದ್ದಾರೆ; ಜೊತೆಗೆ ಚಂದ್ರಿ ತಂದಿಟ್ಟ ಚಿನ್ನದ ಮೇಲೆ ಎಲ್ಲರ ಕಣ್ಣೂ ಇದೆ. ನಾರಣಪ್ಪನ ಹೆಣ ಆಚಾರ್ಯರೊಬ್ಬರ ಆತ್ಮದ ಪ್ರಶ್ನೆಯಷ್ಟೇ ಆಗಿದ್ದರೆ ಆ ಕಥೆಗೆ ಅಗ್ರಹಾರವೇ ಬೇಕಿರಲಿಲ್ಲ. ಅದು ಊರಿನ ಪ್ರಶ್ನೆ. ಒಂದು ಸಮುದಾಯ ತನ್ನ ಹೆಣವನ್ನು ತಾನು ಸುಡಲಾರದೆ ಕೂತ ಕಥೆ ಅದು. ರೆಡ್ಡಿಯವರ ಚಿತ್ರದ ಓಟದಲ್ಲಿ ಅಲ್ಲಲ್ಲಿ ಒರಟುತನವಿದೆಯೆಂದು ನನಗೆ ಹಿಂದೆ ಅನ್ನಿಸುತ್ತಿತ್ತು. ಆ ಒರಟುತನದೊಳಗೇ ಊರು ಇತ್ತೆಂಬುದು ಈಗ ಕಾಣುತ್ತಿದೆ. ಊರನ್ನು ಬಿಡಲಾರೆವೆಂಬ ಹಟದಿಂದಲೇ ಅಲ್ಲವೇ ಚಿತ್ರ ಮೊದಲು ಸೆನ್ಸಾರಿನವರ ನಿಷೇಧಕ್ಕೆ ಗುರಿಯಾದದ್ದು? ಒಬ್ಬ ಮನುಷ್ಯನ ಸಂಕಟವನ್ನು ಯಾರೂ ನಿಷೇಧಿಸುವುದಿಲ್ಲ.

ಎರಡನೆಯದು ‘ಘಟಶ್ರಾದ್ಧ’. ಇದೂ ಅನಂತಮೂರ್ತಿಯವರದೇ ಕಥೆ. ಹಿಂದೆ ‘ಚೋಮನ ದುಡಿ’ಯಲ್ಲಿ ಬಿ. ವಿ. ಕಾರಂತರಿಗೆ ಸಹಾಯಕರಾಗಿದ್ದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ ಮೊದಲ ಕಥಾಚಿತ್ರ. ಉಡುಪರ ವೇದಪಾಠಶಾಲೆಗೆ ಹೊಸದಾಗಿ ಬಂದು ಸೇರಿದ ನಾಣಿಯೆಂಬ ಪುಟ್ಟ ಹುಡುಗ. ಅವನನ್ನು ತಾಯಿಯಂತೆ ನೋಡಿಕೊಳ್ಳುವ ಉಡುಪರ ವಿಧವೆ ಮಗಳು ಯಮುನಕ್ಕ. ಗರ್ಭಿಣಿಯಾದ ಅವಳನ್ನು ಊರು ಬೇಟೆಯಾಡುವ ಬಗೆ. ಕೊನೆಗೆ ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುವ ಕ್ರೂರವಿಧಿ. ನಾಣಿಯಾಗಿ ನಟಿಸಿದ ಅಜಿತ್ ಕುಮಾರ್ ಅವರಿಗೆ ಶ್ರೇಷ್ಠ ಬಾಲನಟನೆಂಬ ರಾಷ್ಟ್ರಪ್ರಶಸ್ತಿ ಬಂತು. ಇದನ್ನು ಪುಟ್ಟಣ್ಣ ಕಣಗಾಲರ ಕೈಗೆ ಕೊಡಬೇಕೆಂದವಳು ನನ್ನ ಮನೆಯಾಕೆ. ‘ಗೆಜ್ಜೆ ಪೂಜೆ’, ‘ಶರಪಂಜರ’ಗಳನ್ನು ಎಷ್ಟು ಸಲ ನೋಡಿದ್ದಾಳೋ ಲೆಕ್ಕವಿಲ್ಲ.

ಪುಟ್ಟಣ್ಣನವರ ‘ಘಟಶ್ರಾದ್ಧ’ ನನ್ನ ಕಣ್ಣಿಗೆ ಸರಾಗವಾಗಿ ಕಟ್ಟುತ್ತದೆ. ಕಥೆ ಯಮುನಕ್ಕನದಾಗುತ್ತದೆ. ಕಲ್ಪನಾ ಆ ಪಾತ್ರ ಮಾಡುತ್ತಾರೆ. ವಿಜಯಭಾಸ್ಕರರ ಸಂಗೀತದಲ್ಲಿ ಒಂದು ಹಾಡಿನಲ್ಲಿ ಅವಳ ಒಳಮನಸ್ಸೆಲ್ಲ ತೆರೆದುಕೊಳ್ಳುತ್ತದೆ. ಹುತ್ತದೊಳಗೆ ಕೈ ಇಟ್ಟು ಸಾಯಲು ಹೊರಟವಳ ಮುಖವನ್ನು ಕ್ಯಾಮರಾ ಎಲ್ಲ ದಿಕ್ಕಿನಿಂದಲೂ ಹುಡುಕುತ್ತದೆ. ಚಿತ್ರಮಂದಿರದ ಹೆಂಗಸರೆಲ್ಲ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಪ್ರಶಸ್ತಿ ಚಿತ್ರಗಳು ಎಂದೂ ಪ್ರವೇಶಿಸದ ಸಾವಿರಾರು ಮನೆಗಳೊಳಗೆ ಹೆಣ್ಣಿನ ಸಂಕಟವನ್ನು ಒಯ್ದು ಇಟ್ಟವರು ಪುಟ್ಟಣ್ಣ. ಮನೋರೋಗದಿಂದ ಗುಣಹೊಂದಿ ಬಂದವಳನ್ನು ಮನೆಯವರೇ ಮತ್ತೆ ಹುಚ್ಚಿಗೆ ನೂಕುವ ‘ಶರಪಂಜರ’ವನ್ನು ನೋಡಿದ ಮೇಲೆ ನಮ್ಮ ಊರಿನಲ್ಲಿ ಜನ ಮಾತನಾಡುವ ರೀತಿ ಸ್ವಲ್ಪವಾದರೂ ಬದಲಾದದ್ದನ್ನು ನಾನು ಕಂಡಿದ್ದೇನೆ.

ಆದರೆ ಆಗ ನಾಣಿಯ ಗತಿಯೇನು? ಕಾಸರವಳ್ಳಿಯವರ ಚಿತ್ರದಲ್ಲಿ ಹುಡುಗನಿಗೆ ಅರ್ಥವಾಗದ್ದನ್ನು ನಮಗೂ ಯಾರೂ ಬಿಡಿಸಿ ಹೇಳುವುದಿಲ್ಲ. ಅವನು ಎಷ್ಟು ಎತ್ತರವಿದ್ದಾನೋ ಅಷ್ಟೇ ಎತ್ತರದಿಂದ ನಾವೂ ಲೋಕವನ್ನು ನೋಡುತ್ತೇವೆ. ಕೊನೆಯಲ್ಲಿ ಅಪ್ಪ ಬಂದು ಅವನನ್ನು ಕರೆದುಕೊಂಡು ಹೋಗುವಾಗ, ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನಕ್ಕ ಹಿಂದೆ ಉಳಿಯುತ್ತಾಳೆ. ಪುಟ್ಟಣ್ಣನವರಾಗಿದ್ದರೆ ನಾವು ಅವಳ ಜೊತೆ ಅತ್ತು ಹಗುರಾಗಿ ಮನೆಗೆ ಬರುತ್ತಿದ್ದೆವು. ಕಾಸರವಳ್ಳಿಯವರು ನಮ್ಮನ್ನು ಹುಡುಗನ ಜೊತೆ ಹೊರಡಿಸಿಬಿಡುತ್ತಾರೆ. ಅವಳನ್ನು ಬಿಟ್ಟು ಬಂದವರಲ್ಲಿ ನಾವೂ ಒಬ್ಬರಾಗುತ್ತೇವೆ. ಆ ಭಾರ ಅಳುವಿನಿಂದ ಇಳಿಯುವಂಥದ್ದಲ್ಲ.

ಈ ಕಥೆಯಲ್ಲಿ ನಮ್ಮ ವೃತ್ತಿಯವನೊಬ್ಬನಿದ್ದಾನೆಂಬುದು ನನ್ನನ್ನು ಯಾವಾಗಲೂ ಚುಚ್ಚುತ್ತದೆ. ಯಮುನಕ್ಕನನ್ನು ಆ ಸ್ಥಿತಿಗೆ ತಂದು ಕೈಬಿಟ್ಟವನು ಊರಿನ ಶಾಲಾ ಮಾಸ್ತರ. ಪುಟ್ಟಣ್ಣನವರಾದರೆ ಅವನನ್ನು ಹಾಗೆ ಜಾರಿಹೋಗಲು ಬಿಡುತ್ತಿರಲಿಲ್ಲ. 1972ರ ‘ನಾಗರಹಾವು’ವಿನ ಚಾಮಯ್ಯ ಮೇಷ್ಟರಂಥ ಪಾತ್ರವನ್ನು ಕೊಟ್ಟವರು ಅವರು, ಶಿಷ್ಯನ ಮೇಲಿನ ಪ್ರೀತಿಯೇ ಶಿಷ್ಯನಿಗೆ ಮುಳುವಾಗುವುದನ್ನು ತೋರಿಸಬಲ್ಲವರು ಈ ಮಾಸ್ತರನನ್ನೂ ತಂದು ನಿಲ್ಲಿಸಿ ಉತ್ತರ ಕೇಳುತ್ತಿದ್ದರು. ಅದೂ ಒಂದು ನ್ಯಾಯ. ಹಳ್ಳಿಯ ಬದುಕಿನಲ್ಲಿ ಮಾತ್ರ ಅಂಥವನು ಉತ್ತರ ಕೊಡಲು ಬರುವುದೇ ಇಲ್ಲ. ಇನ್ನೊಂದು ಊರಿಗೆ ಹೋಗಿ ಇನ್ನೊಂದು ಹಾಜರಿ ಪುಸ್ತಕ ತೆರೆಯುತ್ತಾನೆ.

ಇಲ್ಲಿ ನಮ್ಮ ಆಟಕ್ಕೆ ನಿಜವಾದ ಸಾಕ್ಷಿಯೂ ಒಂದಿದೆ. ಇದೇ ಕಥೆಯನ್ನು ಅರುಣ್ ಕೌಲ್ ಅವರು 1991ರಲ್ಲಿ ಹಿಂದಿಯಲ್ಲಿ ‘ದೀಕ್ಷಾ’ ಎಂಬ ಹೆಸರಿನಿಂದ ಚಿತ್ರವಾಗಿಸಿದರು. ಅದಕ್ಕೂ ಶ್ರೇಷ್ಠ ಹಿಂದಿ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಮನೋಹರ ಸಿಂಗ್ ಅವರು ಪಂಡಿತರಾಗಿ, ನಾನಾ ಪಾಟೇಕರ್ ಅವರು ಆ ಪಂಡಿತರಲ್ಲಿ ಭಕ್ತಿಯಿಟ್ಟ ಕೆಳಜಾತಿಯವನಾಗಿ ನಟಿಸಿದ್ದಾರೆ. ಹೆಸರಿನಲ್ಲಿಯೇ ದಾರಿ ಬೇರೆಯಾಗಿರುವುದನ್ನು ಗಮನಿಸಿ. ಒಂದು ಜೀವಂತ ವ್ಯಕ್ತಿಗೆ ಮಾಡುವ ಶ್ರಾದ್ಧ; ಇನ್ನೊಂದು ವಿದ್ಯೆಯ ಬಾಗಿಲು ತೆರೆಯುವ ದೀಕ್ಷೆ. ಒಂದು ಯಾರನ್ನು ಹೊರಗೆ ಹಾಕಿದರು ಎಂದು ಕೇಳುತ್ತದೆ. ಇನ್ನೊಂದು ಯಾರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ ಎಂದು ಕೇಳುತ್ತದೆ. ಎರಡೂ ಪ್ರಶ್ನೆಗಳು ಅನಂತಮೂರ್ತಿಯವರ ಕಥೆಯೊಳಗೇ ಇದ್ದವು.

ಮೂರನೆಯದು ನಮ್ಮಂಥ ನಿವೃತ್ತರ ಚಿತ್ರ, ‘ತಬರನ ಕಥೆ’. ತೇಜಸ್ವಿಯವರ ಕಥೆಯನ್ನು ಕಾಸರವಳ್ಳಿಯವರು 1986ರಲ್ಲಿ ತೆರೆಗೆ ತಂದರು. ತಬರಶೆಟ್ಟಿಯಾಗಿ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಬ್ರಿಟಿಷರ ಕಾಲದಲ್ಲಿ ಕೆಲಸಕ್ಕೆ ಸೇರಿ ಸ್ವತಂತ್ರ ಭಾರತದಲ್ಲಿ ನಿವೃತ್ತನಾದ ಬಡ ನೌಕರ, ಕಾಯಿಲೆಯ ಹೆಂಡತಿಯ ಚಿಕಿತ್ಸೆಗಾಗಿ ತನ್ನ ಪಿಂಚಣಿ ಕೇಳಿಕೊಂಡು ಮೇಜಿನಿಂದ ಮೇಜಿಗೆ ಅಲೆಯುತ್ತಾನೆ. ಹಣ ಬರುವ ಹೊತ್ತಿಗೆ ಹೆಂಡತಿ ಇಲ್ಲ. ನನ್ನ ಪಿಂಚಣಿಯ ಕಡತವೂ ಒಂದು ಕಚೇರಿಯಲ್ಲಿ 11 ತಿಂಗಳು ಮಲಗಿತ್ತು. ಆ ದಿನಗಳಲ್ಲಿ ಕಚೇರಿಯ ಬೆಂಚಿನ ಮೇಲೆ ಕೂತಾಗಲೆಲ್ಲ ಪಕ್ಕದಲ್ಲಿ ತಬರ ಕೂತಂತೆ ಅನ್ನಿಸುತ್ತಿತ್ತು.

ಇದನ್ನು ಶಂಕರನಾಗ್ ಅವರಿಗೆ ಕೊಟ್ಟವನು ನನ್ನ ಅಳಿಯ. ಸಮಂಜಸವಾದ ಆಯ್ಕೆ. ಅವರ ‘ಮಾಲ್ಗುಡಿ ಡೇಸ್’ನಲ್ಲಿ ಮಲೆನಾಡಿನ ಆಗುಂಬೆಯ ಬೀದಿ ಎಷ್ಟು ಬೆಚ್ಚಗೆ ಕಾಣುತ್ತದೆಂಬುದು ನಿಮಗೆಲ್ಲ ಗೊತ್ತು. ಅವರ ತಬರನ ಊರಿನಲ್ಲಿ ನಗು ಇರುತ್ತಿತ್ತು. ಗುಮಾಸ್ತನಿಗೂ ಒಂದು ಮನೆ, ಒಂದು ಸಾಲ, ಒಂದು ತಲೆನೋವು ಇರುತ್ತಿತ್ತು. ಜೊತೆಗೆ ‘ಆ್ಯಕ್ಸಿಡೆಂಟ್’ ಮಾಡಿದ ಶಂಕರನಾಗ್ ಸುಮ್ಮನೆ ಬಿಡುತ್ತಿರಲಿಲ್ಲ. ಆ ಚಿತ್ರದಲ್ಲಿ ಸತ್ಯವನ್ನು ಬೆನ್ನಟ್ಟುವ ಪತ್ರಕರ್ತನ ಪಾತ್ರವನ್ನು ಅವರೇ ಮಾಡಿದ್ದರು. ಇಲ್ಲಿಯೂ ಅಂಥ ಒಬ್ಬ ಯುವಕ ಬಂದು ಕಡತವನ್ನು ಹಿಡಿದು ಓಡುತ್ತಿದ್ದ; ತಪ್ಪಿತಸ್ಥನ ಕೊರಳಪಟ್ಟಿ ಹಿಡಿಯುತ್ತಿದ್ದ. ನೋಡುವ ನಮಗೆ ಎಷ್ಟು ಸಮಾಧಾನವಾಗುತ್ತಿತ್ತು!

ಕಾಸರವಳ್ಳಿಯವರು ಕೊಡದೆ ಹೋದದ್ದು ಆ ಸಮಾಧಾನವನ್ನೇ. ಅವರ ಚಿತ್ರದಲ್ಲಿ ಹಿಡಿಯಲು ಒಂದು ಕೊರಳಪಟ್ಟಿಯೇ ಸಿಕ್ಕುವುದಿಲ್ಲ. ಪ್ರತಿಯೊಬ್ಬನೂ ತನ್ನ ಮೇಜಿನ ಮಟ್ಟಿಗೆ ನಿಯಮ ಪಾಲಿಸಿದವನೇ. ಎಲ್ಲರ ನಿಯಮಪಾಲನೆಯೂ ಸೇರಿ ಒಂದು ಹೆಂಗಸು ಸಾಯುತ್ತಾಳೆ. ನಾನು ಬೆಂಚಿನ ಮೇಲೆ ಕೂತು ಕಂಡದ್ದೂ ಇದನ್ನೇ. ನನ್ನೊಡನೆ ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಒಬ್ಬರು ನೀರನ್ನೂ ತರಿಸಿಕೊಟ್ಟರು. ಕಡತ ಮಾತ್ರ ಅಲುಗಲಿಲ್ಲ. ಹಾಗೆಂದು ಕಚೇರಿಯ ಕಥೆಯನ್ನು ಇನ್ನೊಬ್ಬರು ಮುಟ್ಟಲೇಬಾರದೆಂದಲ್ಲ. ಕುರೊಸಾವಾ 1952ರಲ್ಲಿ ಮಾಡಿದ ‘ಇಕಿರು’ವಿನಲ್ಲಿ ಸಾವು ಹತ್ತಿರವಾದ ಒಬ್ಬ ಸರಕಾರಿ ನೌಕರ ಮಕ್ಕಳಿಗಾಗಿ ಒಂದು ಆಟದ ಬಯಲು ಮಾಡಿಸಿ ಸಾಯುತ್ತಾನೆ. 70 ವರ್ಷಗಳ ನಂತರ, 2022ರಲ್ಲಿ, ಆಲಿವರ್ ಹರ್ಮಾನಸ್ ಅದನ್ನು ‘ಲಿವಿಂಗ್’ ಎಂದು ಲಂಡನ್ನಿನಲ್ಲಿ ಮತ್ತೆ ಮಾಡಿದರು. ಚಿತ್ರಕಥೆ ಬರೆದವರು ಕಾದಂಬರಿಕಾರ ಕಜುವೊ ಇಶಿಗುರೊ. ಊರು, ಟೋಪಿ, ಮಾತಿನ ಧಾಟಿ ಎಲ್ಲ ಬದಲಾದರೂ ಚಿತ್ರ ಆ ಮುದುಕನ ಪಕ್ಕದಲ್ಲಿಯೇ ನಿಂತಿತು. ನಿಲ್ಲುವ ಜಾಗವನ್ನು ಬಿಟ್ಟುಕೊಡದಿದ್ದರೆ ಉಳಿದದ್ದನ್ನು ಬದಲಾಯಿಸಬಹುದೆಂದು ಇದರಿಂದ ತಿಳಿಯುತ್ತದೆ.

ಈ ಮೂರರಲ್ಲಿಯೂ ಮೊದಲಿನ ಕೈಯೇ ಸರಿಯೆಂಬ ತೀರ್ಮಾನಕ್ಕೆ ಬಂದು ನಾನು ಒಳಗೊಳಗೇ ತೃಪ್ತನಾಗಿದ್ದೆ. ನಾಲ್ಕನೆಯದರಲ್ಲಿ ಆ ತೃಪ್ತಿ ಉಳಿಯಲಿಲ್ಲ.

ಶಿವರಾಮ ಕಾರಂತರ ‘ಚೋಮನ ದುಡಿ’ 1933ರ ಕಾದಂಬರಿ. ಬಿ. ವಿ. ಕಾರಂತರು ಅದನ್ನು 1975ರಲ್ಲಿ ಚಿತ್ರವಾಗಿಸಿದರು. ಚೋಮನಾಗಿ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಅಸ್ಪೃಶ್ಯನೆಂದು ಊರು ದೂರವಿಟ್ಟ ಚೋಮನಿಗೆ ಒಂದೇ ಆಸೆ: ತುಂಡು ಭೂಮಿ ಪಡೆದು ತಾನೂ ಬೇಸಾಯ ಮಾಡಬೇಕು. ಅದು ಸಿಕ್ಕುವುದಿಲ್ಲ. ಸಾಲಕ್ಕೆ ಮಕ್ಕಳು ಒಬ್ಬೊಬ್ಬರಾಗಿ ಕರಗುತ್ತಾರೆ. ಕೊನೆಯ ಮಗ ಹೊಳೆಯಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆಯೆಂದು ಯಾರೂ ಎತ್ತುವುದಿಲ್ಲ. ಮಗಳು ಬೆಳ್ಳಿ ಸಾಲದ ಬದಲಿಗೆ ತೋಟದ ಮನ್ವೇಲನ ಕೈಗೆ ಸಿಕ್ಕುತ್ತಾಳೆ. ಚೋಮ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಬಾರಿಸುತ್ತ ಪ್ರಾಣ ಬಿಡುತ್ತಾನೆ. ರಂಗಭೂಮಿ, ಸಂಗೀತಗಳೆರಡನ್ನೂ ಉಂಡು ಬೆಳೆದ ಬಿ. ವಿ. ಕಾರಂತರ ಕೈಯಲ್ಲಿ ಆ ದುಡಿಯ ಸದ್ದು ಕನ್ನಡ ಚಿತ್ರರಂಗ ಮರೆಯಲಾಗದ ಸದ್ದಾಯಿತು. ಇದರ ಬಗ್ಗೆ ನನ್ನ ಗೌರವ ಇಂದಿಗೂ ಕಿಂಚಿತ್ತೂ ಕಡಿಮೆಯಾಗಿಲ್ಲ.

ಇದನ್ನು ಮರಾಠಿಯ ನಾಗರಾಜ ಮಂಜುಳೆಯವರಿಗೆ ಕೊಡಬೇಕೆಂದವನು ನನ್ನ ಮೊಮ್ಮಗ. ಅವರ ‘ಫ್ಯಾಂಡ್ರಿ’ (2013) ಚಿತ್ರಕ್ಕೆ ನಿರ್ದೇಶಕರ ಮೊದಲ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿದೆ. ಹಂದಿ ಹಿಡಿಯುವ ಕುಟುಂಬದ ಹುಡುಗ ಜಬ್ಯಾ, ಇಡೀ ಊರು ನಗುತ್ತ ನೋಡುತ್ತಿರುವಾಗ, ಕೊನೆಗೆ ಒಂದು ಕಲ್ಲು ಎತ್ತಿ ಬೀಸುತ್ತಾನೆ. ಅದು ನೇರವಾಗಿ ನೋಡುಗರ ಕಡೆಗೇ ಬರುತ್ತದೆ. ‘ತಾತ, ಚೋಮ ಬಾಗಿಲು ಹಾಕ್ಕೊಂಡ. ಇವನು ಹಾಕ್ಕೊಳ್ಳಲಿಲ್ಲ’ ಎಂದ ಮೊಮ್ಮಗ.

ಆ ಮಾತು ನನಗೆ ಬಹಳ ಹಿಂದಿನ ಒಂದು ಉತ್ತರಪತ್ರಿಕೆಯನ್ನು ನೆನಪಿಗೆ ತಂದಿತು. ಒಂಬತ್ತನೆಯ ತರಗತಿಗೆ ಚೋಮನ ಕಥೆಯನ್ನು ಹೇಳಿ, ‘ಮುಂದೇನಾಯಿತು? ಹತ್ತು ಸಾಲುಗಳಲ್ಲಿ ಬರೆಯಿರಿ’ ಎಂದು ಕೊಟ್ಟಿದ್ದೆ. ಹೆಚ್ಚಿನ ಮಕ್ಕಳು ಧಣಿಯು ಪಶ್ಚಾತ್ತಾಪಪಟ್ಟು ಭೂಮಿ ಕೊಟ್ಟನೆಂದೋ ಸರಕಾರ ಕೊಟ್ಟಿತೆಂದೋ ಬರೆದರು. ಊರಾಚೆಯ ಕೇರಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಐದೇ ಸಾಲು ಬರೆದಿದ್ದಳು. ದುಡಿಯ ಸದ್ದು ನಿಂತಿತು. ಬೆಳ್ಳಿ ಬಾಗಿಲು ದೂಡಿದಳು. ಅಪ್ಪನ ಕಣ್ಣು ಮುಚ್ಚಿದಳು. ದುಡಿಯನ್ನು ಹೊರಗೆ ತಂದಳು. ಆಮೇಲೆ ಅವಳು ಬಾರಿಸಿದಳು.

ಪುಟ ತಿರುಗಿಸಿದರೆ ಇನ್ನೇನೂ ಇರಲಿಲ್ಲ. ಹತ್ತಕ್ಕೆ ಹತ್ತು ಕೊಟ್ಟೆ. ಆ ಹತ್ತು ಅಂಕ ಆ ಐದು ಸಾಲುಗಳಿಗೆ ಸಲ್ಲುವ ಸಂಭಾವನೆಯಲ್ಲವೆಂಬುದೂ ಅಂದೇ ಗೊತ್ತಿತ್ತು. ನನಗೆ ಕಥೆ ಚೋಮನ ಸಾವಿನೊಡನೆ ಮುಗಿಯುತ್ತಿತ್ತು. ಅವಳಿಗೆ ಅಲ್ಲಿ ಆರಂಭವಾಗುತ್ತಿತ್ತು. ಚೋಮನಿಗಾಗಿ ಕಣ್ಣೀರಿಟ್ಟ ನಮ್ಮಲ್ಲಿ ಎಷ್ಟು ಮಂದಿ, ಮರುದಿನ ಬೆಳಿಗ್ಗೆ ಬೆಳ್ಳಿ ಏನು ಉಂಡಳೆಂದು ಯೋಚಿಸಿದ್ದೇವೆ? ಇಬ್ಬರು ಕಾರಂತರೂ ದೊಡ್ಡವರು. ಅವರು ನಿಂತ ಜಾಗದಿಂದ ಚೋಮ ಎಷ್ಟು ಸ್ಪಷ್ಟವಾಗಿ ಕಾಣಬಹುದಿತ್ತೋ ಅಷ್ಟು ಸ್ಪಷ್ಟವಾಗಿ ತೋರಿಸಿದರು. ಆದರೆ ಗುಡಿಸಲಿನ ಒಳಗಿನಿಂದ ಊರು ಹೇಗೆ ಕಾಣುತ್ತದೆಂಬುದನ್ನು ಒಳಗಿದ್ದವರೇ ಹೇಳಬೇಕು. ಆ ಚಿತ್ರ ಕನ್ನಡಕ್ಕೆ ಇನ್ನೂ ಬರಬೇಕಾಗಿದೆ.

ಪ್ರಶಸ್ತಿ ಬಂದ ಕೂಡಲೇ ಕೃತಿಯನ್ನು ನಾವು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇವೆ. ಕಾಪಾಡುವುದು ಅಗತ್ಯವೇ, 2024ರಲ್ಲಿ ‘ಘಟಶ್ರಾದ್ಧ’ವನ್ನು ಜೀರ್ಣೋದ್ಧಾರ ಮಾಡಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ ಸುದ್ದಿ ಓದಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಒಳ್ಳೆಯ ಚಿತ್ರವೊಂದು ತಾನು ನಿಂತ ಜಾಗವನ್ನು ನಮಗೆ ಖಚಿತವಾಗಿ ತೋರಿಸುತ್ತದೆ. ನಮ್ಮ ಈ ಆಟದಿಂದ ತಿಳಿಯುವುದು, ಯಾವ ಕಥೆಯಲ್ಲಿ ಆ ಜಾಗವನ್ನು ಬಿಟ್ಟು ಕದಲಬಾರದು, ಯಾವ ಕಥೆಯಲ್ಲಿ ಎದ್ದು ಇನ್ನೊಬ್ಬರಿಗೆ ಜಾಗ ಬಿಡಬೇಕು ಎಂಬುದು. ನಾಣಿಯ ಪಕ್ಕದಿಂದ ಕ್ಯಾಮರಾವನ್ನು ಯಾರೂ ಸರಿಸದಿರಲಿ. ಬೆಳ್ಳಿಯ ಪಕ್ಕಕ್ಕೆ ಯಾರಾದರೂ ಒಯ್ಯಲಿ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ಈಗ ಕ್ಯಾಮರಾ ಹಿಡಿದು ಕಿರುಚಿತ್ರಗಳನ್ನು ಮಾಡುತ್ತಿದ್ದಾರೆಂದು ಕೇಳಿದ್ದೇನೆ. ಅವರಲ್ಲಿ ಯಾರಾದರೂ ಇದನ್ನು ಓದಿದರೆ ಒಂದು ಮನವಿ. ಐದು ಸಾಲಿನ ಆ ಚಿತ್ರಕಥೆಗೆ ಹಾಡು ಬೇಡ, ಹೆಚ್ಚು ಮಾತೂ ಬೇಡ. ಒಂದು ಬಾಗಿಲು, ಒಂದು ದುಡಿ, ಒಬ್ಬ ಹುಡುಗಿ ಇದ್ದರೆ ಸಾಕು. ಆ ಐದು ಸಾಲು ಬರೆದವಳು ಇಂದು ಎಲ್ಲಿದ್ದಾಳೋ ತಿಳಿಯದು. ಸಿಕ್ಕಿದರೆ ಮೊದಲು ಅವಳನ್ನು ಕೇಳಿ, ಆಮೇಲೆ ಕ್ಯಾಮರಾ ಎಲ್ಲಿಡಬೇಕೆಂದು ತೀರ್ಮಾನಿಸಿ.